ಗೀಟಿನ ಕೆಳಗೆ ನಾಲ್ಕು ಚುಕ್ಕಿ

“ನಿನ್ನೆ ಎಡಗಾಲು ಕುಂಟ್ತಾ ಇದ್ದೆ. ನೋವು ಬಲಗಾಲಿಗೆ ಯಾವಾಗ ಹೋಯ್ತು?”

ಈಜು ಕಲಿಸುವ ಕೋಚ್ ಮೇಡಂ ಹೀಗೆ ಕೇಳಿದಾಗ ಚಿನಕುರಳಿಯ ಬಾಯಿಗೆ ಬೀಗ ಬಿತ್ತು. ಇದು ಬಹಳ ಅಪರೂಪ. ಅರಳು ಹುರಿದ ಹಾಗೆ ಮಾತಾಡುತ್ತಾಳೆಂದೇ ಮನೆಯವರು ಅವಳಿಗೆ ಆ ಹೆಸರಿಟ್ಟಿದ್ದರು.

ಸೋಮವಾರ ಹೊಟ್ಟೆನೋವು, ಮಂಗಳವಾರ ಕಿವಿನೋವು, ಬುಧವಾರ ಕಾಲು ಉಳುಕು. ಗುರುವಾರದ ಹೊತ್ತಿಗೆ ಯಾವ ಕಾಲು ಎಂಬುದೇ ಮರೆತುಹೋಗಿತ್ತು. ಸುಳ್ಳು ಹೇಳಲೂ ಅಭ್ಯಾಸ ಬೇಕು, ಪಾಪ, ಅವಳಿಗೆ ಅದಿರಲಿಲ್ಲ.

ನಿಜ ಸಂಗತಿ ಬೇರೆ. ಅವಳ ಅಪ್ಪ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್ ಆಗಿದ್ದರು. ಪುಸ್ತಕ ಅಚ್ಚಾಗುವ ಮೊದಲು ಅದರಲ್ಲಿರುವ ತಪ್ಪುಗಳನ್ನು ಹುಡುಕಿ ತಿದ್ದುವ ಕೆಲಸ ಅದು. ಹೋದ ತಿಂಗಳು ಪ್ರೆಸ್ ಮುಚ್ಚಿತು. ಅಪ್ಪ ಕೆಂಪು ಪೆನ್ನುಗಳ ಡಬ್ಬಿ ಹಿಡಿದು ಮನೆಗೆ ಬಂದರು. ಇನ್ನು ಅಮ್ಮನ ಸಂಬಳ ಒಂದರಲ್ಲೇ ಮನೆ ನಡೆಯಬೇಕು.

ಭಾನುವಾರ ಅಪ್ಪ ಮನೆಯ ಖರ್ಚುಗಳ ಪಟ್ಟಿ ಬರೆದು, ಅದನ್ನೂ ಪುಸ್ತಕದ ಹಾಗೆಯೇ ತಿದ್ದಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಸಿನಿಮಾದ ಮೇಲೆ ಕೆಂಪು ಗೀಟು. ಐಸ್‌ಕ್ರೀಮು, ಬೆಣ್ಣೆಗಳ ಮೇಲೆ ಗೀಟು. ಈಜು ಕ್ಲಾಸಿನ ಮೇಲೂ ಗೀಟು.

ಚಿನಕುರಳಿ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತಳು. ಮುಂದಿನ ತಿಂಗಳು ರಿಲೇ ಸ್ಪರ್ಧೆ ಇತ್ತು, ಕೊನೆಯ ಲ್ಯಾಪ್ ಅವಳದೇ. ಆದರೆ ಅಪ್ಪನ ಮುಖ ನೋಡಿದ ಮೇಲೆ ಕೇಳಲು ಮನಸ್ಸಾಗಲಿಲ್ಲ. ಹೊಸ ತಿಂಗಳಲ್ಲಿ ಒಂದು ಸಲ ನೀರಿಗೆ ಕಾಲಿಟ್ಟರೂ ಇಡೀ ತಿಂಗಳ ಫೀಸ್ ಕಟ್ಟಬೇಕಾಗುತ್ತದೆ ಎಂಬುದು ಅವಳ ಲೆಕ್ಕ. ಅಪ್ಪನಿಗೆ ಕೆಲಸವಿಲ್ಲ ಎಂದು ಮೇಡಂ ಹತ್ತಿರ ಹೇಳಲು ನಾಚಿಕೆ. ಹೀಗಾಗಿ, ಕೊಳವನ್ನು ಬಿಟ್ಟಿರಲೂ ಆಗದೆ, ದಿನವೂ ಶಾಲೆ ಬಿಟ್ಟ ಮೇಲೆ ಅದರ ಪಕ್ಕದ ಬೆಂಚಿನ ಮೇಲೆ ಒಂದೊಂದು ನೋವು ಹೊತ್ತು ಕೂರುತ್ತಿದ್ದಳು.

“ನಿಮ್ಮಪ್ಪ ಸೋಮವಾರವೇ ಫೀಸ್ ಕಟ್ಟಿದಾರೆ. ನಾಳೆ ನೀರಿಗೆ ಇಳೀಲಿಲ್ಲ ಅಂದ್ರೆ ಕೊನೆ ಲ್ಯಾಪ್ ಬೇರೆಯವರಿಗೆ ಕೊಡ್ತೀನಿ” ಎಂದರು ಮೇಡಂ.

ಅಪ್ಪನಿಗೆ ಮರೆವೇ? ತಾವೇ ಹೊಡೆದುಹಾಕಿದ್ದಕ್ಕೆ ತಾವೇ ದುಡ್ಡು ಕಟ್ಟಿದ್ದಾರೆ. ಚಿನಕುರಳಿ ಮನೆಗೆ ಹೋದವಳೇ ಪಟ್ಟಿಯನ್ನು ಕಿತ್ತು ತಂದು, ಇದೇನು ಎಂದು ಅಪ್ಪನನ್ನು ಕೇಳಿದಳು.

“ಹೊಡೆದಿದ್ದು ನಿಜ. ಆಮೇಲೆ ಕೆಳಗೆ ಚುಕ್ಕಿ ಇಟ್ಟಿದೀನಲ್ಲ” ಎಂದರು ಅಪ್ಪ.

ಈಜು ಕ್ಲಾಸಿನ ಕೆಳಗೆ ನಾಲ್ಕು ಪುಟ್ಟ ಚುಕ್ಕಿಗಳಿದ್ದವು. ಪೆನ್ನು ಸೋರಿದೆ ಎಂದುಕೊಂಡಿದ್ದಳು ಅವಳು. ಪ್ರೂಫ್ ನೋಡುವಾಗ ಒಂದು ಪದವನ್ನು ಹೊಡೆದು, ಆಮೇಲೆ ಅದು ಬೇಕೇ ಬೇಕು ಅನ್ನಿಸಿದರೆ ಕೆಳಗೆ ಚುಕ್ಕಿ ಇಡುತ್ತಾರಂತೆ. ಇದು ಇರಲಿ ಎಂದು ಅದರ ಅರ್ಥ.

ಅಡುಗೆಮನೆಯಿಂದ ಅಮ್ಮ ತಲೆ ಹೊರಹಾಕಿದರು. “ಹಾಗಾದ್ರೆ ಬೆಣ್ಣೆ ಕೆಳಗೆ ಇರೋದೂ ಚುಕ್ಕೀನಾ? ನಾಲ್ಕು ದಿನದಿಂದ ಎಲ್ಲರೂ ಬರೀ ಬ್ರೆಡ್ ತಿಂತಾ ಇದೀವಿ.”

ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಪ್ಪ ಕಣ್ಣೊರೆಸಿಕೊಂಡು, ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಪ್ರೆಸ್ಸಿನಲ್ಲಿ ಬರೆದವರೇ ಪ್ರೂಫ್ ನೋಡುವ ಹಾಗಿಲ್ಲ, ಎರಡನೆಯವರ ಕಣ್ಣು ಬೇಕೇ ಬೇಕು. ಒಬ್ಬರು ಜೋರಾಗಿ ಓದುತ್ತಾರೆ, ಇನ್ನೊಬ್ಬರು ತಪ್ಪು ಹಿಡಿಯುತ್ತಾರೆ.

“ತಗೋ, ಇವತ್ತಿಂದ ನೀನೇ ಎರಡನೇ ಕಣ್ಣು” ಎಂದು ಕೆಂಪು ಪೆನ್ನನ್ನು ಅವಳ ಕೈಗಿತ್ತರು.

ಚಿನಕುರಳಿ ಗತ್ತಿನಿಂದ ಓದತೊಡಗಿದಳು. ಬಾಡಿಗೆ, ಕರೆಂಟು, ಸ್ಕೂಲ್ ವ್ಯಾನ್, ಸೋಪು. ಓದುತ್ತಾ ಓದುತ್ತಾ ಕೊನೆಯ ಸಾಲಿಗೆ ಬಂದು ನಿಂತಳು. ‘ಅಪ್ಪನ ಹೊಸ ಕನ್ನಡಕ.’ ಅದರ ಮೇಲೆ ಒಂದಲ್ಲ, ಎರಡು ಗೀಟು. ಕೆಳಗೆ ಒಂದು ಚುಕ್ಕಿಯೂ ಇರಲಿಲ್ಲ.

ಕಣ್ಣಿನ ಡಾಕ್ಟರು ಹೊಸ ನಂಬರ್ ಬರೆದುಕೊಟ್ಟು ಎಷ್ಟೋ ದಿನವಾಗಿತ್ತು. ಮನೆಯಲ್ಲೇ ಕೂತು ಪ್ರೂಫ್ ನೋಡಿಕೊಡಿ ಎಂದು ಒಬ್ಬ ಪ್ರಕಾಶಕರು ಎರಡು ಸಲ ಫೋನ್ ಮಾಡಿದ್ದರು. ಆಮೇಲೆ ನೋಡೋಣ ಎಂದು ಅಪ್ಪ ಏಕೆ ಹೇಳುತ್ತಿದ್ದರೋ ಅವಳಿಗೆ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು. ನಾಲ್ಕು ದಿನ ತನ್ನದೊಂದೇ ಗೀಟನ್ನು ನೋಡಿಕೊಂಡು ಅತ್ತಿದ್ದಕ್ಕೆ ಅವಳಿಗೆ ಒಳಗೊಳಗೇ ಬೇಸರವಾಯಿತು.

ಅವಳು ಸ್ಕೂಲ್ ವ್ಯಾನ್ ಎಂಬ ಸಾಲಿನ ಮೇಲೆ ಗೀಟು ಎಳೆದಳು. ಶಾಲೆಗೆ ಇಪ್ಪತ್ತು ನಿಮಿಷದ ದಾರಿ, ಅಪ್ಪನ ಜೊತೆ ಮಾತಾಡಿಕೊಂಡು ನಡೆದರೆ ಹತ್ತೇ ನಿಮಿಷ ಅನ್ನಿಸುತ್ತದೆ. ಆಮೇಲೆ ಕೊನೆಯ ಸಾಲಿನ ಕೆಳಗೆ ನಾಲ್ಕು ಚುಕ್ಕಿ ಇಟ್ಟಳು. ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಅಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿ, ಆಗುತ್ತದೆ ಎಂದು ತಲೆಯಾಡಿಸಿದರು.

ಅಪ್ಪ ಪಟ್ಟಿಯನ್ನು ಇಸಿದುಕೊಂಡು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

“ವ್ಯಾನ್ ಹೊಡೆದು ಅದರ ಬದಲು ಏನು ಉಳಿಸಿದೀಯ? ನಂಗೆಲ್ಲೂ ಚುಕ್ಕಿ ಕಾಣ್ತಿಲ್ವಲ್ಲ.”

“ಅದಕ್ಕೇ ಇಟ್ಟಿದ್ದು ಅಪ್ಪ” ಎಂದಳು ಚಿನಕುರಳಿ.