ಮೊದಲ ಬಟನ್ ಯಾವುದಕ್ಕೆ?

"ಅಲ್ಲಿ ಹಾಕಬ್ಯಾಡ್ರಿ! ನಾಬ್‌ಗೆ ಆ ಪಿನ್ ನಡಿಯಂಗಿಲ್ಲ!"

ಹಾಗಂದವನು, ತಾನು ತಂದಿದ್ದ ಬೋರ್ಡಿಗೆ ವಾಯರು ಸಿಕ್ಕಿಸುತ್ತಿದ್ದ ಶ್ರದ್ಧಾಳ ಕೈಯನ್ನೇ ಹಿಡಿದುಬಿಟ್ಟಿದ್ದ.

"ಮೊದಲ ಕೈ ಬಿಡ್ರಿ!"

ಗೋಕಾಕದ ಆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ತಟ್ಟನೆ ಕೈ ಹಿಂದಕ್ಕೆಳೆದುಕೊಂಡ.

"ತಪ್ಪಾತ್ರಿ... ಆ ಪಿನ್‌ಗೆ ಒತ್ತಿದ್ದು, ಬಿಟ್ಟಿದ್ದು ಅಷ್ಟ ಗೊತ್ತಾಗತೈತಿ. ಬಟನ್‌ಗೆ ಅದು ಸಾಕು. ನಾಬ್ ಎಷ್ಟ ತಿರುಗೇತಿ ಅಂತ ತಿಳೀಬೇಕಂದ್ರ ಈ ಬಾಜೂ ಪಿನ್‌ಗೆ ಹಾಕ್ರಿ."

ಹಾಕಿದಳು. ನಾಬ್ ತಿರುಗಿಸಿದಂತೆ ಪುಟ್ಟ ಸ್ಪೀಕರಿನ ದನಿ ಏರಿತು, ಇಳಿಯಿತು. ಇಷ್ಟು ದಿನ ಒಲಿಯದ ದನಿ!

ಸಿಟ್ಟು ಎಲ್ಲಿ ಹೋಯಿತೋ... ಅವಳು ನಕ್ಕುಬಿಟ್ಟಳು.

ಅವನು ಹುಕ್ಕೇರಿಯ ತೇಜಸ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ರಜೆ ಬಂದರೆ ಬೋರ್ಡು, ಬೆಸುಗೆಯ ಹುಚ್ಚು. ಅವಳು ಮೂಡಲಗಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರ್. 2008ರ ಆ ಬೇಸಿಗೆಯಲ್ಲಿ ಅಪ್ಪನಿಗಾಗಿ ಒಂದು ಪೆಟ್ಟಿಗೆ ಮಾಡುತ್ತಿದ್ದಳು. ಲಕ್ವಾ ಹೊಡೆದು ಅಪ್ಪ ಭೂಪಾಲರ ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಬಟನ್ ಒತ್ತಿದರೆ ಅವರ ಬದಲು ಪೆಟ್ಟಿಗೆ ಮಾತಾಡಬೇಕು. ಅದಕ್ಕೆಂದೇ ಅವ್ವ ಪದ್ಮವ್ವನ ದನಿಯನ್ನು ಅದರಲ್ಲಿ ತುಂಬಿದ್ದಳು. ಮೊದಲ ಬಟನ್‌ಗೆ "ನೋವಾಗಾಕತ್ತೈತಿ", ಮುಂದಿನದಕ್ಕೆ "ನೀರ ಬೇಕು", ಕೊನೆಯದಕ್ಕೆ "ಶ್ರದ್ಧಾ, ಬಾ".

ಪೆಟ್ಟಿಗೆಯ ಕೆಲಸಕ್ಕೆ ನೆರವಾಗಲು ತೇಜಸ ಭಾನುವಾರಗಳಲ್ಲಿ ಮೂಡಲಗಿಗೆ ಬರತೊಡಗಿದ. ಅವಳು ಚಹಾ ಮಾಡುವಷ್ಟರಲ್ಲಿ ಅಪ್ಪನ ಪಕ್ಕ ಕೂತು ಕಬ್ಬಿನ ಸುದ್ದಿ ಹೇಳುತ್ತಿದ್ದ. ಉತ್ತರ ಬಾರದಿದ್ದರೂ ಹೇಳುತ್ತಿದ್ದ! ಅದನ್ನು ಬಾಗಿಲಲ್ಲಿ ನಿಂತು ಕೇಳುವಾಗ ಶ್ರದ್ಧಾಳ ಎದೆಯೊಳಗೆ ಏನೋ ಮೆತ್ತಗಾಗುತ್ತಿತ್ತು.

ಪೆಟ್ಟಿಗೆ ಮುಗಿದ ದಿನ ಪದ್ಮವ್ವ ಬಸದಿಗೆ ಹೋಗಿದ್ದಳು, ಅಪ್ಪ ಒಳಕೋಣೆಯಲ್ಲಿ ನಿದ್ದೆ ಹೋಗಿದ್ದರು. ಶ್ರದ್ಧಾ ತೇಜಸನ ಎದುರೇ ಪರೀಕ್ಷೆಗೆಂದು ಮೊದಲ ಬಟನ್ ಒತ್ತಿದಳು.

"ಶ್ರದ್ಧಾ, ಬಾ."

ಬೆಚ್ಚಿ ಮುಚ್ಚಳ ತೆಗೆದರೆ ವಾಯರುಗಳ ಪಿನ್ ಅದಲು ಬದಲಾಗಿವೆ! ನೋವಿನ ಬಟನ್ ಕೊನೆಗೆ ಹೋಗಿದೆ!

"ನೀವ ಮಾಡೀರೇನ್ರಿ?"

"ಹೌದ್ರಿ, ಆದ್ರ..."

"ಅಪ್ಪಗ ಹೆಚ್ಚುಕಡಿಮಿ ಆದ್ರ? ನೋವಿನ ಬಟನ್ ಕೈಗೆ ಸಿಗದಿದ್ರ? ನನ್ನ ಒಂದ ಮಾತ ಕೇಳಾಕ ಏನಾಗಿತ್ತು? ನಿಮಗಿದು ಆಟ ಆಗೇತಿ!"

ತೇಜಸ ಒಳಕೋಣೆಯ ಕಡೆ ನೋಡಿದ. "ತಪ್ಪಾತ್ರಿ" ಎಂದಷ್ಟೇ ಹೇಳಿ ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ.

'ಬರದಿದ್ದರೆ ಬೇಡ' ಎಂದುಕೊಂಡು ಶ್ರದ್ಧಾ ಮತ್ತೆ ಪಿನ್ ಬದಲಿಸಲು ಕೂತಳು. ಭೂಪಾಲರು ಎಡಗೈ ಚಾಚಿ ಪೆಟ್ಟಿಗೆಯನ್ನು ಮುಚ್ಚಿ ಹಿಡಿದರು. ಅವರ ಕಣ್ಣು ತುಂಬಿತ್ತು.

"ಯಾಕಪ್ಪಾ?"

"ಅದನ್ನ ಬದ್ಲ ಮಾಡಬ್ಯಾಡವಾ" ಎಂದಳು ಪದ್ಮವ್ವ. "ನೀ ಚಹಾ ಮಾಡಾಕ ಹೋದಾಗ ನಿಮ್ಮಪ್ಪ ಆ ಹುಡುಗನ ಕೈ ಹಿಡದ ಬಟನ್ ಮ್ಯಾಲ ಇಟ್ಟ ತೋರಿಸಿದ್ರು, ನಿನ್ನ ಹೆಸರ ಮೊದಲ ಇಡು ಅಂತ. ತಾವ ಒತ್ತಿ ನಿನ್ನ ಕರೀಬೇಕಂತ ಆಸೆ. ನಿನಗ ಹೇಳಬ್ಯಾಡ ಅಂತನೂ ಕೈ ಮಾಡಿದ್ರು... ಇದಕ್ಕೇನ ಅಂವ ಬರಲಾರದ್ದು?"

ಭೂಪಾಲರು ಮೆಲ್ಲಗೆ ಬೆರಳೂರಿದರು.

"ಶ್ರದ್ಧಾ, ಬಾ."

"ಬಂದೇನಪ್ಪಾ... ಇಲ್ಲೇ ಅದೇನಿ!" ಅವಳು ಅವರ ಎದೆಗೆ ತಲೆಯಿಟ್ಟು ಅತ್ತಳು.

ಅವತ್ತೇ ಮಧ್ಯಾಹ್ನ ಹುಕ್ಕೇರಿಯ ಬಸ್ಸು ಹತ್ತಿದಳು. ತೇಜಸ ಮನೆಯ ಕಟ್ಟೆಯ ಮೇಲೆ ಏನೋ ಬೆಸೆಯುತ್ತ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಅವತ್ತ ಯಾಕ ಹೇಳಲಿಲ್ರಿ?"

"ನಿಮ್ಮಪ್ಪಾರಿಗೆ ಮಾತ ಕೊಟ್ಟಿದ್ನಿ."

"ನಾ ಅಷ್ಟ ಅಂದ್ರೂ?"

"ನೀವ ಅಂದದ್ದೂ ಖರೆನ ಐತ್ರಿ. ನೋವಿನ ಬಟನ್ ದೂರ ಆಗಬಾರ್ದು. ಅದಕ್ಕ ಒಂದ ದೊಡ್ಡ ಬಟನ್ ಮಾಡಾಕತ್ತೇನಿ... ಮಗ್ಗಲಿಗೆ ಹೊರಳಿದ್ರೂ ಕೈಗೆ ಹತ್ತಬೇಕು."

ಬೈಸಿಕೊಂಡು ಹೋದವನು ಇಲ್ಲಿ ಕೂತು ಇದನ್ನು ಮಾಡುತ್ತಿದ್ದಾನೆ!

"ನೀವ ಬರಲಾರದ್ದಕ್ಕ ಅಪ್ಪಗಷ್ಟ ಅಲ್ರಿ... ನನಗೂ ಭಾಳ ಬ್ಯಾಸರಾತು."

ತೇಜಸ ಅವಳನ್ನೇ ನೋಡಿದ.

"ಶ್ರದ್ಧಾ... ನನಗ ನೀವ ಬೇಕ್ರಿ. ನಿಮ್ಮ ಮನ್ಯಾಗ ಬಂದ ಕೇಳಲೇನು?"

"ಬರೂ ಭಾನುವಾರ ಹಿರ್ಯಾರ್ನ ಕರಕೊಂಡ ಬರ್ರಿ" ಎಂದಳು, ತಲೆ ತಗ್ಗಿಸಿ. "ಹೊತ್ತ ಮುಳಗೂದರಾಗ ಬರ್ರಿ, ಆಮ್ಯಾಲ ನಾವು ಜೈನರು ಉಣ್ಣಂಗಿಲ್ಲ. ಊಟಾ ನಮ್ಮಲ್ಲೇ."

"ಅಡಗಿ ಯಾರದ್ರಿ?"

"ನಂದ. ಉಪ್ಪ ಹೆಚ್ಚಾದ್ರ ಸುಮ್ನ ಉಣ್ಣಬೇಕು, ನೋಡ್ರಿ!"

ಅವನು ನಕ್ಕ. "ಉಣ್ತೇನ್ರಿ."