ಬೊಮ್ಮಕ್ಕನ ತಾಮ್ರದ ಓಲೆ

ಗಾಳಿಗೆ ಇನ್ನೂ ಮರೆವು ಬಂದಿರಲಿಲ್ಲ, ಆಗಿನ ಮಾತು. ಬೆಟ್ಟಸಾಲುಗಳ ನಡುವೆ ಮಾರ್ದನಿ ಎಂಬ ರಾಜ್ಯವಿತ್ತು. ಅಲ್ಲಿ ತಾಮ್ರವನ್ನು ಕೂದಲೆಳೆಯಷ್ಟು ಸಣ್ಣಗೆ ಎಳೆದು ತಂತಿ ಮಾಡುವವರ ಮನೆಯ ಮಗಳು ಬೊಮ್ಮಕ್ಕ. ಅವಳನ್ನು ಏಳು ಬೆಟ್ಟದಾಚೆಗೆ ಮದುವೆ ಮಾಡಿಕೊಟ್ಟರು. ಗಂಡ ಒಳ್ಳೆಯವನು, ಅತ್ತೆ ಇನ್ನೂ ಒಳ್ಳೆಯವಳು. ಆದರೂ ಸಂಜೆಯಾದರೆ ಸಾಕು, ಅವ್ವನ ದನಿ ಕೇಳಬೇಕೆನಿಸಿ ಅವಳು ಅಳುತ್ತಿದ್ದಳು.

ಅತ್ತು ಅತ್ತು ಸಾಕಾಗಿ ಅವಳು ಕೆಲಸಕ್ಕೆ ಕೂತಳು. ಹೊಳೆಯುವ ಕರಿಕಲ್ಲೊಂದನ್ನು ಒಡೆದು ಎರಡು ಮಾಡಿ, ಎರಡಕ್ಕೂ ತಾಮ್ರದ ತಂತಿ ಸುತ್ತಿ ಎರಡು ಕಿವಿಯೋಲೆ ಮಾಡಿದಳು. ಒಂದನ್ನು ತಾನಿಟ್ಟುಕೊಂಡಳು, ಇನ್ನೊಂದನ್ನು ಗಂಡನ ಕೈಯಲ್ಲಿ ಅವ್ವನಿಗೆ ಕಳಿಸಿದಳು. ಸಂಜೆ ಓಲೆಯ ಕಲ್ಲನ್ನು ಸೂಜಿಮೊನೆಯಿಂದ ಅಲ್ಲಿ ಇಲ್ಲಿ ಮುಟ್ಟಿದಳು. ಒಂದು ಕಡೆ ಒಗ್ಗರಣೆ ಸಿಡಿದಂತೆ ಚಟಪಟ ಸದ್ದಾಯಿತು. ಅದರ ನಡುವಿನಿಂದ ದನಿ ಬಂತು: "ಬೊಮ್ಮೀ, ಊಟ ಆಯ್ತಾ?"

ಸುದ್ದಿ ಅರಮನೆಗೆ ಮುಟ್ಟಿತು. ರಾಜ ಒಳ್ಳೆಯವನಾದ್ದರಿಂದ ಊರಿಗೆಲ್ಲ ಓಲೆ ಮಾಡಿಸಿಕೊಟ್ಟ. ಒಂದು ಸಲಕ್ಕೆ ಒಬ್ಬರ ದನಿ ಮಾತ್ರ ಗಾಳಿಯಲ್ಲಿ ಹೋಗುತ್ತಿತ್ತು. ಅದಕ್ಕೇ ಒಂದು ರೂಢಿ ಬಿತ್ತು. ಮಾತು ಮುಗಿಸಿದವರು "ಊಟ ಆಯ್ತಾ?" ಎಂದು ಕೇಳಿ ಸುಮ್ಮನಾಗಬೇಕು. ಆಗ ಎದುರಿನವರ ಸರದಿ. ಜಗಲಿ ಜಗಲಿಯಲ್ಲಿ ಜನ ಕಿವಿಗೆ ಕೈ ಹಚ್ಚಿ ಕೂತು, ದೂರದವರ ಮಾತಿಗೆ ಕಾಯುತ್ತಿದ್ದ ಆ ಸಂಜೆಗಳು ಎಷ್ಟು ಚೆನ್ನಾಗಿದ್ದವು! ಕಾಯುವುದರಲ್ಲೂ ಒಂದು ಸುಖವಿತ್ತು.

ಆಗ ಬಂದ ಕರವೀರನೆಂಬ ಮಾಂತ್ರಿಕ, ಬಳೆಗಾರನ ವೇಷದಲ್ಲಿ. ಅವನ ಹೊಂಬಳೆ ತೊಟ್ಟರೆ ನಮಗೆ ಬೇಕಾದವರ ದನಿಯಲ್ಲಿ ಅದು ದಿನವಿಡೀ ಮಾತಾಡುತ್ತಿತ್ತು. ಸೂಜಿ ಬೇಡ, ಸರದಿ ಬೇಡ, ಉತ್ತರವೂ ಬೇಡ. ಪುಗಸಟ್ಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವುದು ಜನರ ಗುಣ ತಾನೇ? ಎಲ್ಲರೂ ಕೈಯೊಡ್ಡಿದರು. ಮಗಳ ದನಿ ಇಡೀ ದಿನ ಕೇಳುತ್ತದೆಂದು ಬೊಮ್ಮಕ್ಕನ ಅವ್ವನೂ ತೊಟ್ಟಳು. ತೊಟ್ಟವರ ದನಿಯನ್ನು ಬಳೆ ಹೀರಿತು. ದನಿ ಹೋದವರು ದಿನದಿನಕ್ಕೆ ತೆಳುವಾಗಿ, ಹುಣ್ಣಿಮೆಯ ಹೊತ್ತಿಗೆ ಮಾಯವಾಗುವರೆಂದು ಅರಮನೆಯ ಜೋಯಿಸರು ಹೇಳಿದರು.

ಅವ್ವನ ದನಿ ಬಿಡಿಸಿ ತರಲು ಬೊಮ್ಮಕ್ಕ ಕರವೀರನ ಗುಹೆಗೆ ಹೊರಟು ನಿಂತಳು. ಅತ್ತೆ ಅಡ್ಡ ಬಂದು, "ಬೇಡ ಅಂದ್ರೆ ಕೇಳೋಳಲ್ಲ ನೀನು. ಈ ಕಂಬಳಿ ಹೊದ್ಕೋ. ಕಾಳು ಹಿಡಿಯೋ ಈ ತಾಮ್ರದ ಜರಡಿ ತಗೋ. ರೊಟ್ಟಿ ಬುತ್ತಿ ಕಟ್ಟಿದೀನಿ, ಕುಡಿಕೇಲಿ ನೀರಿದೆ," ಎಂದಳು. ಆಮೇಲೆ ದನಿ ತಗ್ಗಿಸಿ, "ಕಳ್ಳ ತನ್ನ ಸ್ವಂತ ದನೀಲಿ ಒಂದು ಮಾತಾಡಿದ್ರೂ ಸಾಕು, ಕದ್ದಿದ್ದೆಲ್ಲ ಬಿಟ್ಟೋಗುತ್ತೆ ಅಂತ ನಮ್ಮಜ್ಜಿ ಹೇಳ್ತಿದ್ರು ಕಣೆ," ಎಂದಳು.

ಕರವೀರನ ಗುಹೆಯ ಬಾಯಲ್ಲಿ ಆನೆಗಾತ್ರದ ಕುರುಡು ಬಾವಲಿಯಿತ್ತು. ಅದು ಕೂಗು ಹಾಕುತ್ತಿತ್ತು, ಕೂಗು ಬಡಿದು ಹಿಂದಿರುಗಿದ ಕಡೆಗೆ ಎರಗುತ್ತಿತ್ತು. ಬೊಮ್ಮಕ್ಕ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದ್ದು ಮೆಲ್ಲನೆ ನಡೆದಳು. ದಪ್ಪ ಕಂಬಳಿ ಕೂಗನ್ನು ನುಂಗಿತು. ಬಾವಲಿಗೆ ಅವಳು ಇದ್ದದ್ದೇ ಗೊತ್ತಾಗಲಿಲ್ಲ.

ಒಳಗೆ ಕಾಣದ ಬೆಂಕಿಯಿತ್ತು. ಉರಿಯಿಲ್ಲ, ಹೊಗೆಯಿಲ್ಲ. ಗುಹೆಯ ಕೊನೆಯಲ್ಲಿ ಒಂದು ಕಲ್ಲಿನ ಕಣ್ಣು ಅವಳನ್ನು ನೋಡುತ್ತಿತ್ತು, ಬೆಂಕಿ ಅದರ ನೋಟದಲ್ಲೇ ಇತ್ತು. ಅವಳ ಕೈಯ ಕುಡಿಕೆ ತಣ್ಣಗೇ ಇತ್ತು, ಅದರೊಳಗಿನ ನೀರು ಮಾತ್ರ ಕೊತಕೊತ ಕುದಿಯಿತು. ಮೈಯೊಳಗೂ ಬಿಸಿ ಏರತೊಡಗಿತು. ಆಗ ಅವಳಿಗೆ ಅಡಿಗೆಮನೆಯ ನೆನಪಾಯಿತು. ಅಲ್ಲಿ ಓಲೆಯ ಮೇಲೆ ಜರಡಿ ಮುಚ್ಚಿದರೆ ಅವ್ವನ ದನಿ ಬರುತ್ತಿರಲಿಲ್ಲ. ಗಾಳಿಯಲ್ಲಿ ಕಾಣದೆ ಬರುವ ದನಿಯನ್ನು ತಡೆದ ತಾಮ್ರದ ಬಲೆ, ಕಾಣದೆ ಬರುವ ಬೆಂಕಿಯನ್ನೂ ತಡೆಯಬಾರದೇಕೆ? ನೀರು ನಿಲ್ಲದ ಜರಡಿಯಲ್ಲಿ ಬೆಂಕಿ ನಿಂತಿತು. ಅದನ್ನು ಗುರಾಣಿಯಂತೆ ಹಿಡಿದು ಅವಳು ಕಲ್ಲಿನ ಕಣ್ಣನ್ನು ದಾಟಿದಳು.

ಒಳಮನೆಯಲ್ಲಿ ಸಾಲುಸಾಲು ಮಡಕೆಗಳು. ನಡುವೆ ಕರವೀರ ಕೂತಿದ್ದ. "ಬಂದೆಯಾ?" ಎಂದ ಮಗುವಿನ ದನಿಯಲ್ಲಿ. "ನಿನ್ನವ್ವನ ದನಿ ಯಾವ ಮಡಕೆಯಲ್ಲಿದೆ, ಹೇಳು," ಎಂದ ಊರ ಪಟೇಲನ ದನಿಯಲ್ಲಿ. "ತಪ್ಪಿದರೆ ನಿನ್ನ ದನಿಯೂ ನನ್ನದು," ಎಂದ ಅವ್ವನದೇ ದನಿಯಲ್ಲಿ.

ಅವಳು ಓಲೆಯ ಸೂಜಿಯನ್ನು ಕಲ್ಲಿಗೆ ಮುಟ್ಟಿಸಿ ಒಂದೊಂದೇ ಮಡಕೆಗೆ ಕಿವಿಗೊಟ್ಟಳು. ಹೊಂಬಳೆಯ ಹಾಗೆ ಎಲ್ಲ ಮಡಕೆಯೂ ಅವಳಿಗೆ ಬೇಕಾದ ಅವ್ವನ ದನಿಯಲ್ಲೇ ಮಾತಾಡಿತು. ನನ್ನ ಬಂಗಾರ, ನನ್ನ ಮುತ್ತು ಎಂದು ಎಡೆಬಿಡದ ಮುದ್ದು. ಒಂದಾದರೂ "ಊಟ ಆಯ್ತಾ?" ಎನ್ನಲಿಲ್ಲ. ಅದು ಕೆಲಸಕ್ಕೆ ಬಾರದ ಮಾತೆಂದು ಕರವೀರ ಸೋಸಿ ಎಸೆದಿದ್ದ. ಯಾವುದನ್ನು ಅವ್ವ ಎನ್ನುವುದು? ಮೂರು ಸಲ ಸುತ್ತಿ ಬೊಮ್ಮಕ್ಕ ಕುಸಿದು ಕೂತಳು. ಕಣ್ಣಲ್ಲಿ ನೀರು, ಹೊಟ್ಟೆಯಲ್ಲಿ ಹಸಿವು. ಬುತ್ತಿ ಬಿಚ್ಚಿದಳು. ಎದುರಿಗೊಬ್ಬರು ಕೂತಿರುವಾಗ ಕೇಳದೆ ತುತ್ತೆತ್ತುವುದು ಮಾರ್ದನಿಯವರಿಗೆ ಬಾರದು. ಶತ್ರುವೆಂಬುದನ್ನೂ ಮರೆತು ಕೇಳಿದಳು:

"ಊಟ ಆಯ್ತಾ, ಅಜ್ಜಾ?"

ಕೇಳಿ, ರೂಢಿಯಂತೆ ಸುಮ್ಮನಾದಳು.

ಕರವೀರ ಬಾಯಿ ತೆರೆದ. ಪಟೇಲನ ದನಿ ಬರಲಿಲ್ಲ, ಮಗುವಿನ ದನಿಯೂ ಬರಲಿಲ್ಲ. ನೂರು ದನಿ ಕದ್ದಿದ್ದರೂ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಬೊಮ್ಮಕ್ಕ ಕಾಯುತ್ತಲೇ ಇದ್ದಳು. ಕೊನೆಗೆ ತುಕ್ಕು ಹಿಡಿದ ಕದ ತೆರೆದಂತೆ ಅವನದೇ ದನಿ ಹೊರಬಿತ್ತು.

"ಇಲ್ಲವ್ವಾ... ಇನ್ನೂ ಆಗಿಲ್ಲ."

ಅಷ್ಟೇ! ಮಡಕೆಗಳೆಲ್ಲ ಒಡೆದವು. ದನಿಗಳು ಗುಬ್ಬಿ ಹಿಂಡಿನಂತೆ ಎದ್ದು ತಮ್ಮ ತಮ್ಮ ಊರಿಗೆ ಹಾರಿದವು, ಹೊಂಬಳೆಗಳು ಕಳಚಿ ಬಿದ್ದವು. ಕರವೀರ ಮುಖ ಮುಚ್ಚಿಕೊಂಡು ಅತ್ತ. ಬೊಮ್ಮಕ್ಕ ರೊಟ್ಟಿ ಮುರಿದು ಅರ್ಧ ಅವನಿಗೆ ಕೊಟ್ಟಳು. ಅವನು ಮುಂದೆ ಆ ರಾಜ್ಯದಲ್ಲೇ ಓಲೆಗೆ ಕಲ್ಲು ಆರಿಸಿಕೊಂಡು ಇದ್ದನಂತೆ.

ಅಷ್ಟರಲ್ಲಿ ಅವಳ ಓಲೆ ಚಟಪಟ ಎಂದಿತು. "ಬೊಮ್ಮೀ, ಎಲ್ಲಿದೀಯೇ? ಊಟ ಆಯ್ತಾ?"

"ಈಗ ಉಣ್ತಿದೀನಿ ಅವ್ವಾ. ನಿಂದು ಊಟ ಆಯ್ತಾ?" ಎಂದು ಕೇಳಿ ಬೊಮ್ಮಕ್ಕ ಸುಮ್ಮನಾದಳು. ಇನ್ನು ಅವ್ವನ ಸರದಿ.

ಆ ಓಲೆಗಳು ಈಗಿಲ್ಲ, ಗಾಳಿಗೂ ಮರೆವು ಬಂದಿದೆ. ಆದರೂ ದೂರದವರ ದನಿ ಕೇಳಿದೊಡನೆ ನಮ್ಮ ಬಾಯಿಗೆ ಬರುವುದು ಅದೇ ಮಾತು. ಬೊಮ್ಮಕ್ಕ, ಅವ್ವ ಎಲ್ಲರೂ ಅಲ್ಲಿ ಉಂಡು, ಮಾತಾಡಿಕೊಂಡು, ಸುಖವಾಗಿದ್ದರು. ಕತೆ ಹೇಳುತ್ತ ಕೂತ ನನ್ನದು ಇನ್ನೂ ಆಗಿಲ್ಲ. ನಿಮ್ಮದು ಆಯ್ತಾ?