ಹಣೆ ಮೇಲಿನ ಹೆಸರು

ನಿಂಬೆಹಣ್ಣಿಗೆ ಸೂಜಿ ಚುಚ್ಚಿ, ಮೇಲೆ ಹಸಿಮೆಣಸಿನಕಾಯಿ ಪೋಣಿಸಿ, ಗಂಟು ಹಾಕಿ ಸುಧಾರಾಣಿ ಬುಟ್ಟಿಗಿಡುತ್ತಿದ್ದಳು. ಪಕ್ಕದಲ್ಲಿ ದೊಡ್ಡಮ್ಮ ನಿಂಗಕ್ಕನಿಗೂ ಅದೇ ಕೆಲಸ. ರಸ್ತೆ ಬದಿಯ ಪುಟ್ಟ ಅಂಗಡಿ ಅವರದು.

ಅಮಾವಾಸ್ಯೆಯ ಮುಂಜಾನೆ. ಹೊಸಪೇಟೆಯಿಂದ ಸಂಡೂರಿನ ಗಣಿಗೆ ಹೊರಟ ಲಾರಿಗಳು ದೃಷ್ಟಿಯಾಗದಿರಲೆಂದು ಈ ಸರ ಕಟ್ಟಿಕೊಂಡೇ ಘಾಟಿ ಹತ್ತುತ್ತಿದ್ದವು.

ಬ್ರೇಕಿನ ಸದ್ದು. ಕೆಂಪು ಧೂಳಿನೊಳಗಿಂದ ಪರಶುರಾಮ ಇಳಿದು ಬಂದ.

"ನಂದು ತೆಗದಿಟ್ಟೀರೇನ್ರಿ?"

ಅವಳು ತಲೆ ಎತ್ತಲಿಲ್ಲ.

ಮೊದಲು ಕಂಪ್ಲಿ ಸಂತೆಯಲ್ಲಿ ಸಿಕ್ಕಿದ್ದ. ಅವಳ ಚೀಲ ಹರಿದು ಮೆಣಸಿನಕಾಯಿ ಚೆಲ್ಲಿದಾಗ ಕೂತು ಆಯ್ದುಕೊಟ್ಟಿದ್ದ. ಆಮೇಲೆ ಡ್ಯಾಮಿನ ಬಸ್‌ಸ್ಟ್ಯಾಂಡಿನಲ್ಲಿ. ಆಮೇಲೆ ಈ ಅಂಗಡಿಯ ಮುಂದೆಯೇ.

"ನೀವು ಎದುರಾದ ದಿನ ನನ್ನ ಟೈರ್ ಪಂಚರ್ ಆಗಂಗಿಲ್ರಿ," ಅಂದಿದ್ದ. "ಮತ್ತ ಸಿಗತೀವಿ ಬಿಡ್ರಿ. ಇರೋದು ಒಂದ ರೋಡು."

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಯಾರಿಂದಲೂ ಏನನ್ನೂ ಬಯಸದವಳು, ಅಂದಿನಿಂದ ರಸ್ತೆ ನೋಡಲು ಕಲಿತಿದ್ದಳು.

ಆದರೆ ಇವತ್ತು... ಅವನ ಲಾರಿಯ ಹಣೆ ಮೇಲೆ ಹೊಸ ಬಣ್ಣದಲ್ಲಿ ಒಂದು ಹೆಸರು. ಲಾರಿ ನಿಲ್ಲುವಾಗಲೇ ಕೂಡಿಸಿ ಕೂಡಿಸಿ ಓದಿದ್ದಳು. ಸ್ಫೂರ್ತಿ.

ಲಾರಿ ಅವನದೇ ಎಂದು ಅವಳು ತಿಳಿದಿದ್ದಳು. ಅಷ್ಟು ಮುದ್ದಿನಿಂದ ಒರೆಸುತ್ತಿದ್ದ. ಸ್ವಂತ ಗಾಡಿಗೆ ಹೆಂಡತಿಯ ಹೆಸರಲ್ಲದೆ ಇನ್ಯಾರ ಹೆಸರು ಬರೆಸುತ್ತಾರೆ?

"ಖಾಲಿ ಆಗ್ಯಾವ," ಅಂದಳು.

"ಬುಟ್ಟಿ ತುಂಬ ಅದಾವಲ್ರಿ."

"ಬ್ಯಾರೆಯವ್ರು ಹೇಳ್ಯಾರ."

ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಅವನು ಬರಿಗೈಯಲ್ಲಿ ಹೋದ.

"ದಿನಾ ರೋಡು ನೋಡಾಕಿ, ಇವತ್ತು ನಿಂಬೆಹಣ್ಣಿನ ಮಾರಿ ನೋಡಾಕತ್ತೀಯಲ್ಲ," ಎಂದಳು ನಿಂಗಕ್ಕ.

ಮಧ್ಯಾಹ್ನ ಎದುರಿನ ಚಹಾದಂಗಡಿಯ ಎರ್ರೆಪ್ಪ ಸುದ್ದಿ ತಂದ.

"ಘಾಟಿನ್ಯಾಗ ಲಾರಿ ಪಲ್ಟಿ ಆಗೇತಂತ, ನಿಂಗಕ್ಕ. ಹಣಿ ಮ್ಯಾಲ ಸ್ಫೂರ್ತಿ ಅಂತ ಬರದೈತಂತ."

ಸೂಜಿ ಸುಧಾರಾಣಿಯ ಬೆರಳಿಗೆ ಹೊಕ್ಕಿತು. ನೋವಾಗಲಿಲ್ಲ.

ಒಂದು ಸರ... ಒಂದೇ ಒಂದು ಸರ ಕೊಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಯಾರ ಗಂಡನಾದರೂ ಆಗಿರಲಿ, ದೇವರೇ. ಬದುಕಿರಲಿ.

ಬಿಸಿಲು ಇಳಿಯುವವರೆಗೂ ಅವಳು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಕಡೆಗೊಂದು ಲಾರಿ ನಿಧಾನವಾಗಿ ಬಂದು ನಿಂತಿತು. ಹಣೆ ಮೇಲೆ ಅದೇ ಹೆಸರು. ಇಳಿದವನ ಅಂಗಿಯ ಮೇಲೆ ರಕ್ತ.

ಹೇಗೆ ಎದ್ದಳೋ, ಹೇಗೆ ಓಡಿದಳೋ.

"ಏನಾಗೇತ್ರಿ ನಿಮಗ?"

"ನನಗೇನಾಗಿಲ್ಲ. ಇದು ನಮ್ಮ ಇನ್ನೊಂದು ಗಾಡಿ ಡ್ರೈವರ್ ಕೆಂಚಣ್ಣನ ರಕ್ತ. ಅವನ ಗಾಡಿ ಪಲ್ಟಿ ಆತು. ಕೈ ಮುರದೈತಿ, ಜೀವಕ್ಕ ಭಯ ಇಲ್ಲ. ದವಾಖಾನಿಗೆ ಸೇರಿಸಿ ಬಂದೆ."

"ಮತ್ತ... ಹೆಸರು?"

"ನಮ್ಮ ಓನರ್ ಮಗಳದು. ಹೆಸರಿಟ್ಟ ಖುಷಿಗೆ ಎಲ್ಲಾ ಗಾಡಿಗೂ ಅದನ್ನ ಬರಸ್ಯಾರ. ಕೂಸು ಇನ್ನಾ ತೊಟ್ಟಿಲದಾಗ ಐತಿ."

ತಡೆದಿದ್ದ ಉಸಿರು ಅಳುವಾಗಿ, ಅರ್ಧಕ್ಕೇ ನಗುವಾಗಿ ಹೊರಬಂತು.

"ನಾನು... ನಿಮ್ಮ ಹೆಂಡ್ತಿ ಅಂತ..."

ಪರಶುರಾಮ ಅವಳನ್ನೇ ನೋಡಿದ. ಮುಂಜಾನೆ ತುಂಬಿದ ಬುಟ್ಟಿ ಇಟ್ಟುಕೊಂಡು ಅವಳು ಖಾಲಿ ಅಂದದ್ದರ ಅರ್ಥ ಈಗ ಆಗಿತ್ತು.

"ಗಾಡಿನೇ ನಂದಲ್ಲ, ಹೆಸರು ಹೆಂಗ ನಂದಾಗತೈತ್ರಿ? ಸ್ವಂತದ್ದು ಬರಲಿ. ಸುಧಾರಾಣಿ ಅಂತ ಬರಸ್ತೀನಿ."

"ಕೇಳದಂಗ ಬರಸ್ತೀರೇನು?"

"ಅದಕ್ಕ ಈಗ ಕೇಳಾಕತ್ತೀನಿ."

ಅವಳು ಅಂಗಡಿಗೆ ಮರಳಿದಳು. ಬುಟ್ಟಿಯ ತಳದಿಂದ ಒಂದು ಸರ ತೆಗೆದಳು. ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಕಟ್ಟಿ, ಅವನಿಗೆಂದು ಅಡಗಿಸಿಟ್ಟದ್ದು. ಲಾರಿಯ ಮುಂದೆ ನಿಂತು ತಾನೇ ಕಟ್ಟತೊಡಗಿದಳು. ದಾರ ಜಾರಿತು. ಅವನು ಇನ್ನೊಂದು ತುದಿ ಹಿಡಿದುಕೊಂಡ.

"ಗಟ್ಟಿ ಕಟ್ರಿ," ಅಂದ ಮೆಲ್ಲಗೆ.

"ನೀವು ಬಿಡಬ್ಯಾಡ್ರಿ ಮತ್ತ."

"ಸುಧಾ, ಸೆರಗಿಗೆ ಚುಚ್ಚಿಕೊಂಡೀಯಲ್ಲ, ಆ ಸೂಜಿ ಇತ್ತಾಗ ಕೊಡವ್ವ," ಅಂಗಡಿಯಿಂದ ನಿಂಗಕ್ಕ ಕರೆದಳು.

ಗಂಟು ಬಿದ್ದು ಎಷ್ಟೋ ಹೊತ್ತಾಗಿತ್ತು. ಇಬ್ಬರ ಬೆರಳೂ ದಾರದ ಮೇಲೆಯೇ ಇದ್ದವು.

"ಸುಧಾ... ಆ ಸೂಜಿ ಕೊಡವ್ವ."